ಅಮ್ಮ ಧಾರವಾಡದಲ್ಲಿ, ಅಪ್ಪ ಪುಣೆಯಲ್ಲಿ: ಮಗುವಿನ ರಜೆ ಯಾರದು?

ಏಪ್ರಿಲ್ ಎರಡನೆಯ ವಾರ ಬಂತೆಂದರೆ ನಮ್ಮ ಶಾಲೆಗಳಿಗೆ ಬೇಸಿಗೆ ರಜೆ. ಅಜ್ಜಿಯ ಮನೆಗೋ, ಸೋದರಮಾವನ ಮನೆಗೋ, ಎಷ್ಟು ದಿನಕ್ಕೋ ಎಂಬುದೆಲ್ಲ ಮನೆಯ ಪಡಸಾಲೆಯಲ್ಲೇ ತೀರ್ಮಾನವಾಗುವ ಮಾತು. ಆದರೆ ಕೆಲವು ಮಕ್ಕಳ ಮಟ್ಟಿಗೆ ಹಾಗಲ್ಲ. ಅವರು ಯಾವ ದಿನ ಹೊರಡಬೇಕು, ಯಾರ ಜೊತೆ ಹೋಗಬೇಕು, ಯಾವ ದಿನ ಮರಳಬೇಕು ಎಂಬುದು ನ್ಯಾಯಾಲಯದ ಆದೇಶದಲ್ಲಿ ಬರೆದಿರುತ್ತದೆ. ಬರೆದಿರದಿದ್ದರೆ ಇನ್ನೂ ಕಷ್ಟ. ಆಗ ರಜೆ ಹತ್ತಿರವಾದಂತೆಲ್ಲ ಎರಡು ಮನೆಗಳಲ್ಲೂ ಜಗಳ ಶುರು.

ತಂದೆ ತಾಯಿ ಬೇರೆಯಾದ ಮೇಲೆ ಇಬ್ಬರೂ ಒಂದೇ ಊರಿನಲ್ಲಿದ್ದರೆ ಭಾನುವಾರದ ಭೇಟಿಗೆ ಒಂದು ಆಟೋ ಸಾಕು. ಒಬ್ಬರು ಕರ್ನಾಟಕದಲ್ಲಿ, ಇನ್ನೊಬ್ಬರು ಮಹಾರಾಷ್ಟ್ರದಲ್ಲೋ ತಮಿಳುನಾಡಿನಲ್ಲೋ ಇದ್ದರೆ? ಈ ವಾರ ಆ ವಿಷಯ ನೋಡೋಣ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗಂಡ ಹೆಂಡತಿ ಪುಣೆಯಲ್ಲಿದ್ದರು. ಇಬ್ಬರು ಮಕ್ಕಳು. ಮಗಳು ಆರನೆಯ ತರಗತಿ, ಮಗನಿಗೆ ನಾಲ್ಕು ವರ್ಷ. ಪರಸ್ಪರ ಒಪ್ಪಿಗೆಯಿಂದ ಪುಣೆಯ ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನವಾಯಿತು. ತಾಯಿ ಮಕ್ಕಳೊಂದಿಗೆ ತವರೂರು ಧಾರವಾಡಕ್ಕೆ ಬಂದು ಕೆಲಸಕ್ಕೆ ಸೇರಿದರು. ಒಪ್ಪಂದದಲ್ಲಿ ಭೇಟಿಯ ಬಗ್ಗೆ ಇದ್ದದ್ದು ಒಂದೇ ಸಾಲು: ತಂದೆ ಅನುಕೂಲವಾದಾಗ ಮಕ್ಕಳನ್ನು ನೋಡಬಹುದು.

ಯಾರ ಅನುಕೂಲ? ಅದನ್ನು ಯಾರೂ ಬರೆಯಲಿಲ್ಲ. ತಂದೆ ಶನಿವಾರ ಹೊರಟು ಬಂದರೆ ಮಗಳಿಗೆ ಸೋಮವಾರ ಪರೀಕ್ಷೆ. ತಾಯಿ ದಸರೆಗೆ ಕಳಿಸುತ್ತೇನೆಂದರೆ ತಂದೆಗೆ ರಜೆಯಿಲ್ಲ. ದೀಪಾವಳಿಗೆ ಕಳಿಸಿ ಎಂದರೆ ಇಲ್ಲಿ ಶಾಲೆ ನಡೆಯುತ್ತಿರುತ್ತದೆ. ಎರಡು ವರ್ಷ ಹೀಗೇ ಕಳೆದರೆ, ಚಿಕ್ಕ ಮಗ ತಂದೆಯನ್ನು ಕಂಡಾಗ ಅಮ್ಮನ ಸೆರಗಿನ ಹಿಂದೆ ಅಡಗುತ್ತಾನೆ. ಯಾರೂ ದುಷ್ಟರಲ್ಲ, ಯಾರೂ ಆದೇಶ ಮುರಿದಿಲ್ಲ. ಆದರೂ ಮಗುವಿಗೆ ಒಬ್ಬ ತಂದೆ ತಪ್ಪಿಹೋದ.

ಹಕ್ಕು ಯಾರದು?

ನಮ್ಮಲ್ಲಿ ಮಕ್ಕಳ ವಿಷಯ ಬಂದಾಗ ಮೂರು ಮಾತುಗಳು ಕಲಸಿಹೋಗುತ್ತವೆ. ಮೊದಲನೆಯದು ಪೋಷಕತ್ವ, ಅಂದರೆ ಮಗುವಿನ ಪರವಾಗಿ ಮುಖ್ಯ ತೀರ್ಮಾನ ಮಾಡುವ ಮತ್ತು ಸಹಿ ಹಾಕುವ ಅಧಿಕಾರ. ಎರಡನೆಯದು ಸುಪರ್ದಿ, ಅಂದರೆ ಮಗು ದಿನನಿತ್ಯ ಯಾರ ಬಳಿ ಇರುತ್ತದೆ ಎಂಬುದು. ಮೂರನೆಯದು ಭೇಟಿಯ ಹಕ್ಕು. ಸುಪರ್ದಿ ಒಬ್ಬರಿಗೆ ಸಿಕ್ಕಿತೆಂದರೆ ಇನ್ನೊಬ್ಬರ ತಂದೆತನವೋ ತಾಯ್ತನವೋ ಮುಗಿಯಿತೆಂದು ಅರ್ಥವಲ್ಲ.

1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 6ನೆಯ ಕಲಮಿನ ಪ್ರಕಾರ ಐದು ವರ್ಷ ತುಂಬದ ಮಗುವಿನ ಸುಪರ್ದಿ ಸಾಮಾನ್ಯವಾಗಿ ತಾಯಿಗೆ. ಅದೇ ಕಾಯ್ದೆಯ 13ನೆಯ ಕಲಮು ಎಲ್ಲಕ್ಕಿಂತ ಮೇಲಿನದು: ಮಗುವಿನ ಹಿತವೇ ಪರಮ ಮುಖ್ಯ. ಎಲ್ಲ ಧರ್ಮದವರಿಗೂ ಅನ್ವಯಿಸುವ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯೂ ಮಗುವಿನ ಹಿತವನ್ನೇ ನೋಡಲು ಹೇಳುತ್ತದೆ. ಮಕ್ಕಳು ತಂದೆ ತಾಯಿಯರ ಸ್ವತ್ತೂ ಅಲ್ಲ, ಆಟಿಕೆಯೂ ಅಲ್ಲ ಎಂದು ಸುಪ್ರೀಂ ಕೋರ್ಟ್ 1973ರಷ್ಟು ಹಿಂದೆಯೇ ಹೇಳಿದೆ.

ಹಾಗಾಗಿ ‘ನನಗೆ ಮಗುವನ್ನು ನೋಡುವ ಹಕ್ಕಿದೆ’ ಎಂಬ ಮಾತಿಗಿಂತ ‘ಮಗುವಿಗೆ ನಮ್ಮಿಬ್ಬರನ್ನೂ ಪಡೆಯುವ ಹಕ್ಕಿದೆ’ ಎಂಬ ಮಾತು ನ್ಯಾಯಾಲಯದಲ್ಲಿ ಹೆಚ್ಚು ನಿಲ್ಲುತ್ತದೆ. ಮನೆಯಲ್ಲೂ ಅಷ್ಟೇ.

ಯಾವ ಊರಿನ ಕೋರ್ಟು?

ಬೇರೆ ರಾಜ್ಯದಲ್ಲಿರುವವರ ಮೊದಲ ಗೊಂದಲ ಇದು. ನಮ್ಮ ಉದಾಹರಣೆಯಲ್ಲಿ ವಿಚ್ಛೇದನವಾದದ್ದು ಪುಣೆಯಲ್ಲಿ, ಮಕ್ಕಳಿರುವುದು ಧಾರವಾಡದಲ್ಲಿ. ಅರ್ಜಿ ಎಲ್ಲಿ ಹಾಕಬೇಕು?

ಎರಡು ದಾರಿಗಳಿವೆ. 1955ರ ಹಿಂದೂ ವಿವಾಹ ಕಾಯ್ದೆಯ 26ನೆಯ ಕಲಮಿನ ಪ್ರಕಾರ, ವಿಚ್ಛೇದನದ ವ್ಯಾಜ್ಯ ಕೇಳಿದ ನ್ಯಾಯಾಲಯವು ತೀರ್ಪಿನ ನಂತರವೂ ಮಕ್ಕಳ ಸುಪರ್ದಿ, ಜೀವನಾಂಶ, ವಿದ್ಯಾಭ್ಯಾಸದ ಬಗ್ಗೆ ಆದೇಶ ಮಾಡಬಹುದು, ಹಿಂದಿನ ಆದೇಶವನ್ನು ಬದಲಿಸಬಹುದು. ರಿಜಿಸ್ಟರ್ ಮದುವೆಯಾದವರಿಗೆ 1954ರ ವಿಶೇಷ ವಿವಾಹ ಕಾಯ್ದೆಯಲ್ಲೂ ಇಂಥದೇ ಅವಕಾಶವಿದೆ. ಇನ್ನೊಂದು ದಾರಿ 1890ರ ಕಾಯ್ದೆಯದು. ಅದರ 9ನೆಯ ಕಲಮಿನ ಪ್ರಕಾರ, ಮಗು ಸಾಮಾನ್ಯವಾಗಿ ವಾಸವಾಗಿರುವ ಸ್ಥಳದ ನ್ಯಾಯಾಲಯಕ್ಕೆ ಅಧಿಕಾರ. ಧಾರವಾಡದ ಶಾಲೆಯಲ್ಲಿ ಓದುತ್ತ ಅಲ್ಲೇ ನೆಲೆ ನಿಂತ ಮಗುವಿನ ಊರು ಧಾರವಾಡವೇ.

‘ಸಾಮಾನ್ಯವಾಗಿ ವಾಸ’ ಎಂಬ ಮಾತಿನ ಮೇಲೆ ಗಮನವಿರಲಿ. ರಜೆಗೆಂದು ಕರೆದೊಯ್ದು ಹಿಂದಕ್ಕೆ ಕಳಿಸದೆ, ಬೇರೊಂದು ಶಾಲೆಗೆ ಸೇರಿಸಿ, ಇನ್ನು ಮಗುವಿನ ಊರು ಇದೇ ಎಂದುಬಿಟ್ಟರೆ ನ್ಯಾಯಾಲಯ ಅದನ್ನು ಸುಮ್ಮನೆ ಒಪ್ಪುವುದಿಲ್ಲ. ಮಗು ನಿಜವಾಗಿ ಎಲ್ಲಿ ಬೇರೂರಿತ್ತು, ಹೇಗೆ ಅಲ್ಲಿಂದ ಬಂತು ಎಂಬುದನ್ನು ಸಾಕ್ಷ್ಯ ನೋಡಿ ತೀರ್ಮಾನಿಸುತ್ತದೆ.

ಇಬ್ಬರೂ ತಂತಮ್ಮ ಊರಿನಲ್ಲಿ ಒಂದೊಂದು ದಾವೆ ಹೂಡಿದರೆ? ಒಂದು ರಾಜ್ಯದ ನ್ಯಾಯಾಲಯದಿಂದ ಇನ್ನೊಂದು ರಾಜ್ಯದ ನ್ಯಾಯಾಲಯಕ್ಕೆ ಮೊಕದ್ದಮೆ ವರ್ಗಾಯಿಸುವ ಅಧಿಕಾರ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೆಯ ಕಲಮಿನಂತೆ ಸುಪ್ರೀಂ ಕೋರ್ಟಿಗಿದೆ. ಆದರೆ ದೆಹಲಿಯ ದಾರಿ ದೂರದ್ದು, ಖರ್ಚಿನದ್ದು. ಆ ತಿಂಗಳುಗಳಲ್ಲಿ ಮಗು ಒಂದು ತರಗತಿ ಮುಂದೆ ಹೋಗಿರುತ್ತದೆ. ಆದ್ದರಿಂದ ಮೊದಲು ಮಧ್ಯಸ್ಥಿಕೆ ಕೇಂದ್ರದಲ್ಲಿ ಕುಳಿತು ಒಂದು ಒಪ್ಪಂದಕ್ಕೆ ಬರುವುದು ಜಾಣತನ. ಬೆಂಗಳೂರಿನ ನ್ಯಾಯದೇಗುಲ ಕಟ್ಟಡದಲ್ಲಿ 2007ರಿಂದ ಇಂಥ ಕೇಂದ್ರವೊಂದು ಕೆಲಸ ಮಾಡುತ್ತಿದೆ. ಬೇರೆ ಜಿಲ್ಲೆಗಳವರು ತಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ದೂರವಾಣಿ ಸಂಖ್ಯೆ 15100.

ದೂರ ಸವೆಸಬೇಕಾದವರು ಯಾರು?

ಭೇಟಿ ಎಂದೊಡನೆ ಮಗುವನ್ನು ಬಸ್ಸು ಹತ್ತಿಸುವ ಯೋಚನೆ ಬರುತ್ತದೆ. ಇದರ ಬಗ್ಗೆ ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪೊಂದು ತಿಳಿದಿರಬೇಕಾದದ್ದು. ತಮಿಳುನಾಡಿನ ಪ್ರಕರಣ. ಎರಡು ವರ್ಷದ ಹೆಣ್ಣುಮಗು ತಾಯಿಯೊಂದಿಗೆ ಮದುರೆಯಲ್ಲಿತ್ತು. ತಂದೆ ನೋಡಲೆಂದು ಆ ಮಗುವನ್ನು ಪ್ರತಿ ಭಾನುವಾರ ಕರೂರಿಗೆ ಕರೆತರಬೇಕೆಂದು ಆದೇಶವಾಗಿತ್ತು. ಹೋಗಿ ಬರಲು ಸುಮಾರು 300 ಕಿಲೋಮೀಟರ್. ಅಷ್ಟು ಚಿಕ್ಕ ಮಗುವನ್ನು ವಾರವಾರವೂ ಇಷ್ಟು ದೂರ ಅಲೆಸುವುದು ಅದರ ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು. ತಂದೆಯ ಭೇಟಿಯನ್ನು ನಿಲ್ಲಿಸಲಿಲ್ಲ, ಜಾಗ ಬದಲಿಸಿತು. ಇನ್ನು ಮೇಲೆ ತಂದೆಯೇ ಮದುರೆಗೆ ಬಂದು ಭಾನುವಾರ ಕೆಲವು ಗಂಟೆ ಮಗುವಿನ ಜೊತೆ ಇರಬೇಕೆಂದಿತು. ಅದೂ ಒಂದೇ ರಾಜ್ಯದೊಳಗಿನ ದೂರ. ರಾಜ್ಯ ದಾಟುವಾಗ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

2025ರ ಏಪ್ರಿಲ್‌ನಲ್ಲಿ ಬಂದ ಇನ್ನೊಂದು ತೀರ್ಪು ಕೇರಳದ ಮಕ್ಕಳದು. ತಂದೆಗೆ ಸಿಂಗಪುರದಲ್ಲಿ ಉದ್ಯೋಗ. ತಿಂಗಳಲ್ಲಿ ಹದಿನೈದು ದಿನ ಮಕ್ಕಳು ತಂದೆಯ ಬಳಿ ಇರಬೇಕೆಂದು ಹೈಕೋರ್ಟ್ ಹೇಳಿತ್ತು. ಅವರು ಅದಕ್ಕಾಗಿ ತಿರುವನಂತಪುರದಲ್ಲಿ ಮನೆ ಬಾಡಿಗೆಗೆ ಹಿಡಿದು ಬಂದು ಹೋಗುತ್ತಿದ್ದರು. ಅವರ ಪ್ರೀತಿಯ ಬಗ್ಗೆ ನ್ಯಾಯಮೂರ್ತಿಗಳಿಗೆ ಸಂಶಯವಿರಲಿಲ್ಲ. ಆದರೆ ಎಂಟು ವರ್ಷದ ಮಗಳೊಡನೆ ಮಾತನಾಡಿದಾಗ, ಆ ದಿನಗಳಲ್ಲಿ ಮಗುವಿಗೆ ಮನೆಯ ಅಡುಗೆ ಸಿಗುತ್ತಿಲ್ಲ, ತಂದೆಯ ಹೊರತು ಇನ್ಯಾರ ಜೊತೆಯೂ ಇಲ್ಲ ಎಂಬುದು ತಿಳಿಯಿತು. ಹದಿನೈದು ದಿನದ ವ್ಯವಸ್ಥೆಯನ್ನು ತೆಗೆದು, ವಾರಾಂತ್ಯದ ಭೇಟಿ ಮತ್ತು ವಿಡಿಯೋ ಕರೆಯ ವ್ಯವಸ್ಥೆಯನ್ನು ಕೋರ್ಟ್ ಮಾಡಿತು. ತಂದೆಯ ಪ್ರೀತಿಯ ಜೊತೆಗೆ ಮಗುವಿನ ಊಟ, ನಿದ್ದೆ, ಒಡನಾಟಗಳೂ ಲೆಕ್ಕಕ್ಕೆ ಬಂದವು.

ಮಗು ಚಿಕ್ಕದಿದ್ದಷ್ಟೂ ದೊಡ್ಡವರೇ ಪ್ರಯಾಣ ಮಾಡಬೇಕು. ಮಗು ದೊಡ್ಡದಾದಂತೆ ರಜೆಯಲ್ಲಿ ಅದು ಆ ಮನೆಗೆ ಹೋಗಬಹುದು. ಈ ಎರಡು ತೀರ್ಪುಗಳಿಂದ ನಾವು ಕಲಿಯಬೇಕಾದದ್ದು ಇಷ್ಟೇ.

ದಿನಕ್ಕೆ ಹತ್ತು ನಿಮಿಷ

ದೂರದಲ್ಲಿರುವ ತಂದೆ ತಾಯಿಗೆ ಎಲ್ಲಕ್ಕಿಂತ ಉಪಯೋಗದ ತೀರ್ಪು 2020ರ ಜನವರಿಯದು. ರಾಜಸ್ಥಾನ ಹೈಕೋರ್ಟಿನಿಂದ ಮೇಲ್ಮನವಿಯಾಗಿ ಬಂದ ಪ್ರಕರಣ. ಅಲ್ಲಿ ಸುಪ್ರೀಂ ಕೋರ್ಟ್ ಭೇಟಿಯ ಹಕ್ಕಿನ ಜೊತೆಗೆ ‘ಸಂಪರ್ಕದ ಹಕ್ಕು’ ಎಂಬುದನ್ನೂ ಎತ್ತಿ ಹೇಳಿತು. ತಂದೆ ತಾಯಿ ಬೇರೆ ಬೇರೆ ರಾಜ್ಯ ಅಥವಾ ದೇಶದಲ್ಲಿರುವಾಗ ಇದು ವಿಶೇಷವಾಗಿ ಮುಖ್ಯವೆಂದಿತು. ದೂರವಾಣಿ, ಇ-ಮೇಲ್ ಆಗಬಹುದು, ಸಾಧ್ಯವಿದ್ದರೆ ವಿಡಿಯೋ ಕರೆಯೇ ಮೇಲು. ವಿಶೇಷ ಕಾರಣ ಇಲ್ಲದ ಹೊರತು, ಸುಪರ್ದಿ ಸಿಗದ ತಂದೆಗೋ ತಾಯಿಗೋ ದಿನವೂ 5ರಿಂದ 10 ನಿಮಿಷ ಮಗುವಿನ ಜೊತೆ ಮಾತನಾಡುವ ಹಕ್ಕಿರಬೇಕು. ಹೀಗೆ ನಂಟು ಉಳಿದಿದ್ದರೆ, ರಜೆಯಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಲು ಮಗುವಿಗೆ ಕಷ್ಟವಾಗದು ಎಂಬುದು ನ್ಯಾಯಮೂರ್ತಿಗಳು ಕೊಟ್ಟ ಕಾರಣ.

ಈ ಕಾರಣವನ್ನು ಗಮನಿಸಿ. ವರ್ಷದಲ್ಲಿ ಒಮ್ಮೆ ಇಪ್ಪತ್ತು ದಿನ ಕಳಿಸಿ ಉಳಿದ ದಿನ ಸದ್ದಿಲ್ಲದಿದ್ದರೆ ಆ ಇಪ್ಪತ್ತು ದಿನ ಮಗುವಿಗೆ ಅಪರಿಚಿತರ ಮನೆಯ ವಾಸವಾಗುತ್ತದೆ. ದಿನವೂ ಮಾತನಾಡುತ್ತಿದ್ದರೆ ಮಗುವಿಗೆ ತಂದೆಯ ಮನೆಯ ಗೋಡೆಯ ಬಣ್ಣ, ಅಜ್ಜಿಯ ಕೆಮ್ಮು, ಪಕ್ಕದ ಮನೆಯ ನಾಯಿಯ ಹೆಸರು ಎಲ್ಲ ಮೊದಲೇ ಗೊತ್ತಿರುತ್ತದೆ. ಮಗು ಪುಣೆಯಲ್ಲೋ ಚೆನ್ನೈಯಲ್ಲೋ ಓದುತ್ತಿದ್ದು, ಕನ್ನಡ ಮಾತನಾಡುವವರು ಈ ಕಡೆ ಇದ್ದರೆ, ಆ ಹತ್ತು ನಿಮಿಷದಲ್ಲಿ ಮಗುವಿನ ಕನ್ನಡವೂ ಉಳಿಯುತ್ತದೆ.

ಆದರೆ ಕರೆಗೂ ಒಂದು ಶಿಸ್ತು ಬೇಕು. ಊಟ, ಪಾಠದ ಹೊತ್ತು ಬಿಟ್ಟು ಒಂದು ನಿಗದಿತ ಸಮಯ ಇರಲಿ. ಮಗು ಮಾತನಾಡುವಾಗ ಇನ್ನೊಬ್ಬರು ಪಕ್ಕದಲ್ಲೇ ಕುಳಿತು ಕಿವಿಗೊಡುವುದು ಬೇಡ. ಆ ಹತ್ತು ನಿಮಿಷವನ್ನು ‘ನಿಮ್ಮಮ್ಮ ಎಲ್ಲಿ ಹೋಗಿದ್ದಾಳೆ, ಮನೆಗೆ ಯಾರು ಬರುತ್ತಾರೆ’ ಎಂಬ ವಿಚಾರಣೆಗೆ ಬಳಸಿದರೆ ಹತ್ತನೆಯ ದಿನ ಮಗುವೇ ಫೋನು ಬೇಡವೆನ್ನುತ್ತದೆ.

ಆದೇಶದಲ್ಲಿ ಏನೇನು ಇರಬೇಕು?

‘ಅನುಕೂಲವಾದಾಗ’ ಎಂಬ ಪದ ರಾಜ್ಯದ ಗಡಿ ದಾಟುವಾಗ ಕೆಲಸಕ್ಕೆ ಬಾರದು. ಒಪ್ಪಂದ ಬರೆಸುವಾಗಲೇ, ಅಥವಾ ಬದಲಾವಣೆಗೆ ಅರ್ಜಿ ಹಾಕುವಾಗ, ಈ ಕೆಳಗಿನವು ಸ್ಪಷ್ಟವಾಗಿರಲಿ.

ಒಂದು, ರಜೆಯ ಲೆಕ್ಕ ಮಗುವಿನ ಶಾಲೆಯ ಕ್ಯಾಲೆಂಡರಿನಂತೆ ಇರಲಿ. ಕರ್ನಾಟಕದಲ್ಲಿ ಬೇಸಿಗೆ ರಜೆ ಏಪ್ರಿಲ್ ಮಧ್ಯಕ್ಕೆ ಶುರುವಾದರೆ ಮಹಾರಾಷ್ಟ್ರದ ಶಾಲೆಗಳದ್ದು ಹೆಚ್ಚಾಗಿ ಮೇ ತಿಂಗಳಿನಿಂದ ಜೂನ್ ಮಧ್ಯದವರೆಗೆ. ನಮ್ಮಲ್ಲಿ ದಸರಾ ರಜೆ ದೊಡ್ಡದು, ಅಲ್ಲಿ ದೀಪಾವಳಿ. ಕೇರಳದಲ್ಲಿ ಓಣಂ ಮತ್ತು ಕ್ರಿಸ್‌ಮಸ್ ರಜೆಗಳು. ಹಬ್ಬದ ಹೆಸರು ಬರೆಯುವ ಮುನ್ನ ಶಾಲೆಯ ರಜಾ ಪಟ್ಟಿ ಮುಂದಿಟ್ಟುಕೊಳ್ಳಿ.

ಎರಡು, ರಜೆಯ ಹಂಚಿಕೆ. ಬೇಸಿಗೆ ರಜೆಯ ಮೊದಲ ಅರ್ಧ ಒಬ್ಬರಿಗೆ, ಉಳಿದರ್ಧ ಇನ್ನೊಬ್ಬರಿಗೆ, ಮರುವರ್ಷ ಅದಲುಬದಲು ಎಂಬಂತೆ. ಶಾಲೆ ಆರಂಭವಾಗುವ ಎರಡು ಮೂರು ದಿನ ಮೊದಲೇ ಮಗು ಮನೆಗೆ ಮರಳಿರಬೇಕು.

ಮೂರು, ಮಗುವನ್ನು ಒಪ್ಪಿಸುವ ಸ್ಥಳ, ಸಮಯ ಮತ್ತು ಜೊತೆಯಲ್ಲಿ ಬರುವವರು. ರೈಲು ನಿಲ್ದಾಣವೇ, ಅಜ್ಜನ ಮನೆಯೇ ಎಂಬುದನ್ನು ಬರೆಯಿರಿ. ಮಕ್ಕಳ ಎದುರು ಬೀದಿಯಲ್ಲಿ ಮಾತಿಗೆ ಮಾತು ಬೆಳೆಯದಿರಲು ಇದು ಸಹಾಯಕ.

ನಾಲ್ಕು, ಪ್ರಯಾಣದ ಖರ್ಚು ಯಾರದು. ರೈಲಿನಲ್ಲಿ 5ರಿಂದ 12 ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಬೇಕಾದರೆ 2016ರಿಂದ ಪೂರ್ಣ ದರ. ಜೊತೆಗೆ ಬಂದು ಹೋಗುವ ಹಿರಿಯರ ಟಿಕೆಟ್ಟೂ ಸೇರುತ್ತದೆ. ಮುಂಗಡ ಬುಕಿಂಗ್ 2024ರ ನವೆಂಬರಿನಿಂದ 60 ದಿನ ಮೊದಲಷ್ಟೇ ತೆರೆಯುವುದರಿಂದ, ದಿನಾಂಕವನ್ನು ಅದಕ್ಕೂ ಮೊದಲೇ ಪರಸ್ಪರ ತಿಳಿಸಬೇಕೆಂಬ ಷರತ್ತು ಇದ್ದರೆ ಒಳ್ಳೆಯದು.

ಐದು, ಶಾಲೆಯ ಸಂಗತಿ. ಅಂಕಪಟ್ಟಿಯ ಪ್ರತಿ, ವಾರ್ಷಿಕೋತ್ಸವದ ಆಹ್ವಾನ, ಕಾಯಿಲೆ ಬಿದ್ದರೆ ಸುದ್ದಿ, ಇವು ದೂರದಲ್ಲಿರುವವರಿಗೂ ತಲುಪಬೇಕು.

ಆರು, ಊರು ಬದಲಾದರೆ ಏನು? ತಾಯಿಗೆ ಹೈದರಾಬಾದಿಗೆ ವರ್ಗವಾಗಬಹುದು, ತಂದೆ ಮರುಮದುವೆಯಾಗಬಹುದು. ಸುಪರ್ದಿಯ ಆದೇಶ ಕಲ್ಲಿನಲ್ಲಿ ಕೆತ್ತಿದ್ದಲ್ಲ, ಪರಿಸ್ಥಿತಿ ಬದಲಾದರೆ ಅದನ್ನೂ ಬದಲಿಸಬಹುದು. ಆದರೆ ಮೊದಲು ತಿಳಿಸಿ, ನ್ಯಾಯಾಲಯದಿಂದ ಬದಲಾವಣೆ ಪಡೆದು ಹೊರಡಬೇಕೇ ಹೊರತು, ಹೊರಟ ಮೇಲೆ ತಿಳಿಸುವುದಲ್ಲ.

ಆದೇಶ ಪಾಲಿಸದಿದ್ದರೆ?

‘ಅವರು ಜೀವನಾಂಶ ಕಳಿಸಿಲ್ಲ, ಹಾಗಾಗಿ ಮಗುವನ್ನು ತೋರಿಸುವುದಿಲ್ಲ.’ ‘ಅವಳು ಮಗುವನ್ನು ತೋರಿಸುವುದಿಲ್ಲ, ಹಾಗಾಗಿ ದುಡ್ಡು ಕಳಿಸುವುದಿಲ್ಲ.’ ಈ ಎರಡೂ ವಾದಗಳು ಕೇಳಲು ನ್ಯಾಯವೆನಿಸಿದರೂ ತಪ್ಪು. ಜೀವನಾಂಶ ಮಗುವಿನ ಅನ್ನದ ಮಾತು, ಭೇಟಿ ಮಗುವಿನ ನಂಟಿನ ಮಾತು. ಒಂದನ್ನು ತಡೆದರೆ ಇನ್ನೊಂದನ್ನು ತಾನೇ ತಡೆಯುವ ಅಧಿಕಾರ ಯಾರಿಗೂ ಬರುವುದಿಲ್ಲ. ಪರಿಹಾರವಿರುವುದು ನ್ಯಾಯಾಲಯದಲ್ಲಿ.

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 18ನೆಯ ಕಲಮಿನಂತೆ, ಒಂದು ಕೌಟುಂಬಿಕ ನ್ಯಾಯಾಲಯದ ಆದೇಶವನ್ನು ಅದೇ ನ್ಯಾಯಾಲಯ ಜಾರಿ ಮಾಡಬಹುದು, ಅಥವಾ ಅದು ಕಳಿಸಿಕೊಟ್ಟ ಬೇರೆ ಕೌಟುಂಬಿಕ ಇಲ್ಲವೇ ಸಿವಿಲ್ ನ್ಯಾಯಾಲಯ ಜಾರಿ ಮಾಡಬಹುದು. ಅಂದರೆ ಪುಣೆಯ ಆದೇಶ ಧಾರವಾಡದಲ್ಲೂ ಆದೇಶವೇ. ಅಮಲ್ಜಾರಿ ಅರ್ಜಿಯ ಬಗ್ಗೆ ವಕೀಲರನ್ನು ಕೇಳಿ. ತಪ್ಪಿದ ಭೇಟಿಗಳ ದಿನಾಂಕ, ಕಳಿಸಿದ ಸಂದೇಶ, ಟಿಕೆಟ್ಟು, ಇವನ್ನೆಲ್ಲ ಜೋಪಾನವಾಗಿಡಿ.

ಹಾಗೆಂದು ಎಲ್ಲ ಭೇಟಿಯೂ ಒಳ್ಳೆಯದೆಂದಲ್ಲ. ಮನೆಯಲ್ಲಿ ಹೊಡೆತ ಬಡಿತ ನಡೆದಿದ್ದರೆ, ಮಗುವಿಗೆ ಅಪಾಯವಿದ್ದರೆ ಮಾತು ಬೇರೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ 21ನೆಯ ಕಲಮಿನಂತೆ, ಭೇಟಿಯಿಂದ ಮಗುವಿನ ಹಿತಕ್ಕೆ ಹಾನಿಯೆಂದು ಮ್ಯಾಜಿಸ್ಟ್ರೇಟರಿಗೆ ಕಂಡರೆ ಅವರು ಭೇಟಿಯನ್ನು ನಿರಾಕರಿಸಲೇಬೇಕು. ಸಂಶಯವಿರುವಲ್ಲಿ ಮೂರನೆಯವರ ಸಮ್ಮುಖದಲ್ಲಿ ಭೇಟಿ ಮಾಡಿಸುವ ಆದೇಶ ಕೇಳಬಹುದು. ನಿಜವಾದ ಭಯವನ್ನು ಮುಚ್ಚಿಡಬಾರದು, ಸಿಟ್ಟಿಗಾಗಿ ಸುಳ್ಳು ಭಯವನ್ನು ಹುಟ್ಟಿಸಲೂಬಾರದು.

ವಿದ್ಯಾರ್ಥಿ ಮಿತ್ರರಿಗೆ

ಇಂಥ ಮನೆಯಲ್ಲಿ ಬೆಳೆಯುತ್ತಿರುವವರು ನಿಮ್ಮ ತರಗತಿಯಲ್ಲೂ ಇರಬಹುದು, ಅದು ನೀವೇ ಆಗಿರಬಹುದು. ಕೆಲವು ಮಾತು ತಿಳಿದಿರಲಿ.

ತಂದೆ ತಾಯಿ ಬೇರೆಯಾದದ್ದು ನಿಮ್ಮಿಂದಲ್ಲ. ನಿಮ್ಮ ಮಾತಿಗೆ ಕಾನೂನಿನಲ್ಲಿ ಬೆಲೆಯಿದೆ. ಬುದ್ಧಿಪೂರ್ವಕವಾಗಿ ತನ್ನ ಇಚ್ಛೆ ಹೇಳುವಷ್ಟು ಬೆಳೆದ ಮಗುವಿನ ಇಚ್ಛೆಯನ್ನು ನ್ಯಾಯಾಲಯ ಪರಿಗಣಿಸಬಹುದೆಂದು 1890ರ ಕಾಯ್ದೆಯ 17ನೆಯ ಕಲಮೇ ಹೇಳುತ್ತದೆ. ಇಂತಿಷ್ಟೇ ವಯಸ್ಸೆಂದು ಅದರಲ್ಲಿಲ್ಲ. ನ್ಯಾಯಾಧೀಶರು ಹಲವು ಸಲ ತಮ್ಮ ಕೊಠಡಿಯಲ್ಲೇ ಮಕ್ಕಳೊಡನೆ ಮಾತನಾಡುತ್ತಾರೆ. ಅಲ್ಲಿ ಯಾರೋ ಹೇಳಿಕೊಟ್ಟ ಪಾಠ ಒಪ್ಪಿಸಬೇಕಿಲ್ಲ. ಯಾರು ಬೇಕು ಎಂದು ಆರಿಸಲೂ ಬೇಕಿಲ್ಲ. ಇಬ್ಬರೂ ಬೇಕು, ಆದರೆ ಪರೀಕ್ಷೆಯ ಹೊತ್ತಿನಲ್ಲಿ ಪ್ರಯಾಣ ಬೇಡ ಎಂದರೂ ಅದು ಉತ್ತರವೇ.

ಒಬ್ಬರ ದೂರನ್ನು ಇನ್ನೊಬ್ಬರಿಗೆ ಮುಟ್ಟಿಸುವ ಅಂಚೆಯವರು ನೀವಲ್ಲ. ‘ಅದನ್ನು ನೀವೇ ಕೇಳಿ’ ಎನ್ನುವುದು ಅಗೌರವವಲ್ಲ. ಭಯವಾದರೆ, ಯಾರಾದರೂ ಬಲವಂತವಾಗಿ ಕರೆದೊಯ್ದರೆ, ನಂಬಿಕೆಯ ಶಿಕ್ಷಕರಿಗೆ ಹೇಳಿ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು.

ತಂದೆ ತಾಯಂದಿರಿಗೆ

ಮಗು ರಜೆ ಮುಗಿಸಿ ಆ ಮನೆಯಿಂದ ನಗುತ್ತ ಬಂದರೆ ಬೇಸರ ಪಡಬೇಡಿ. ಅಲ್ಲಿ ಸಂತೋಷವಾಗಿತ್ತೆಂದು ಹೇಳಿದರೆ ನಿಮಗೆ ನೋವಾಗುತ್ತದೆಂದು ಮಗುವಿಗೆ ಅನಿಸಿದ ದಿನ ಅದು ಸುಳ್ಳು ಹೇಳಲು ಕಲಿಯುತ್ತದೆ. ಇಲ್ಲಿ ಒಂದು ಸುಳ್ಳು, ಅಲ್ಲಿ ಒಂದು. ಮಗುವಿನ ಮನಸ್ಸಿನಲ್ಲಿ ಇನ್ನೊಬ್ಬರ ವಿರುದ್ಧ ವಿಷ ತುಂಬುವುದನ್ನು ಸುಪ್ರೀಂ ಕೋರ್ಟ್ 2017ರ ತೀರ್ಪೊಂದರಲ್ಲಿ ಗಂಭೀರವಾಗಿ ಚರ್ಚಿಸಿದೆ. ಅದರಿಂದ ಮಗುವಿಗಾಗುವ ಹಾನಿಯನ್ನು ಆಮೇಲೆ ಬರುವ ಯಾವ ಆದೇಶವೂ ಸುಲಭವಾಗಿ ಸರಿಪಡಿಸಲಾರದು.

ಮುಂದಿನ ರಜೆಗೆ ಇನ್ನೂ ಸಮಯವಿದ್ದರೆ ಈ ವಾರವೇ ಶಾಲೆಯ ರಜಾ ಪಟ್ಟಿಯ ಪ್ರತಿಯೊಂದನ್ನು ಇನ್ನೊಬ್ಬರಿಗೆ ಕಳಿಸಿ. ಜೊತೆಗೆ ದೊಡ್ಡ ಪತ್ರ ಬೇಡ. ಯಾವ ದಿನಗಳು ನಿಮಗೆ ಆಗುತ್ತವೆ ಎಂಬ ಒಂದು ಸಾಲು ಸಾಕು. ಇಂದು ರಾತ್ರಿ ಎಂಟು ಗಂಟೆಗೆ ಫೋನು ಬಂದರೆ ಮಗುವಿನ ಕೈಗೆ ಕೊಟ್ಟು, ನೀವು ಹತ್ತು ನಿಮಿಷ ಅಡುಗೆಮನೆಯ ಕಡೆ ಹೋಗಿ ಬನ್ನಿ.